ಪೇಟಿ ನುಡಿದಾಗ ಎದ್ದು ನಿಂತವರು

ನಿಮಗೆ ಯಾವಾಗಲಾದರೂ ಹೀಗೆ ಆಗಿದೆಯೇ? ಮನೆ ಬದಲಿಸಿ ವರ್ಷವಾಗಿರುತ್ತದೆ, ಸಂತೆಯಿಂದ ಬರುವಾಗ ಕಾಲು ಹಳೆಯ ಓಣಿಗೇ ತಿರುಗುತ್ತದೆ. ಕೊಟ್ಟುಬಿಟ್ಟ ಬೀಗದ ಕೈಗಾಗಿ ಬೆರಳು ಸೆರಗಿನ ಗಂಟು ತಡಕುತ್ತದೆ. ತಲೆಗೆ ಗೊತ್ತಾದ ಸುದ್ದಿ ಕೈಕಾಲಿಗೆ ಇನ್ನೂ ಮುಟ್ಟಿರುವುದಿಲ್ಲ. ಆಗಿದ್ದರೆ ಮುಂದೆ ಓದಿ. ಆಗಿಲ್ಲ ಅನ್ನುವವರೂ ಓದಿ. ನಿಮಗೂ ಆಗಿರುತ್ತದೆ, ಒಪ್ಪಿಕೊಂಡಿರುವುದಿಲ್ಲ.

ನನ್ನ ಕೈ ಒಮ್ಮೆ ಹೀಗೆ ಮಾಡಿತು. ಔರಾದದ ಒಂದು ಸಾಲೆಯಲ್ಲಿ, ಪರೀಕ್ಷಕರ ಕಣ್ಣೆದುರು, ನನ್ನ ನೌಕರಿ ಉಂಟೋ ಇಲ್ಲವೋ ಎಂದು ತೀರ್ಮಾನವಾಗುವ ದಿನ. ಆಗ ನನಗೆ ಇಪ್ಪತ್ತೊಂದು. ಈಗ ನಲವತ್ತಾರು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಮನೆಯವರಿಗೂ ಹೇಳಿಲ್ಲ.

ನಮ್ಮದು ಬೀದರಿನ ಮಿಶನ್ ಕಂಪೌಂಡಿನ ಮನೆ. ಅವ್ವ ದವಾಖಾನೆಯಲ್ಲಿ ನರ್ಸ್. ಅಪ್ಪ ಮನ್ನಳ್ಳಿಯಲ್ಲಿ ಮಾಸ್ತರ, ಶನಿವಾರ ಸಂಜೆ ಬಂದು ಸೋಮವಾರ ಬೆಳಕು ಹರಿಯುವ ಮೊದಲೇ ಹೋಗುವವರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತೇವೆ. ಚರ್ಚಿನ ಪೇಟಿಯನ್ನು ನಾನು ಎಂಟನೇ ವಯಸ್ಸಿನಿಂದ ಬಾರಿಸುತ್ತಿದ್ದೆ. ಓದಿದ್ದು ಮಾತ್ರ ನಿಜಾಮರ ಕಾಲದ ಹೆಣ್ಣುಮಕ್ಕಳ ಸಾಲೆಯಲ್ಲಿ, ಉರ್ದುವಿನಲ್ಲಿ. ಆಗ ದಿನಾ ಬೆಳಿಗ್ಗೆ ಪಾಠಕ್ಕೆ ಮೊದಲು ದೊರೆಗೆ ಆಯುಷ್ಯ ಬೇಡುವ ಒಂದು ಹಾಡು ಇರುತ್ತಿತ್ತು. ಅದರ ಮೊದಲ ಸ್ವರ ಕಿವಿಗೆ ಬಿದ್ದ ಕೂಡಲೇ ಕೂತವರು ಎದ್ದು ನಿಲ್ಲಬೇಕು, ನಡೆಯುತ್ತಿದ್ದವರು ನಿಂತಲ್ಲೇ ನಿಲ್ಲಬೇಕು. ಮಕ್ಕಳು ಮಾತ್ರವಲ್ಲ, ಮಾಸ್ತರರು, ಗುಮಾಸ್ತರು, ನೀರು ತುಂಬುವ ಮುದುಕಿಯೂ. ನಮ್ಮ ಸಾಲೆಯಲ್ಲಿ ಪೇಟಿ ಬಾರಿಸಲು ಬರುತ್ತಿದ್ದವಳು ನಾನೊಬ್ಬಳೇ. ಹೀಗಾಗಿ ವರ್ಷಗಟ್ಟಲೆ ಪ್ರತಿ ಬೆಳಿಗ್ಗೆ ಅದನ್ನು ನಾನೇ ಬಾರಿಸಿದೆ. ಅದರ ಅರ್ಥವನ್ನು ಯೋಚಿಸಿದ್ದು ಒಂದು ದಿನವೂ ಇಲ್ಲ. ಬೆರಳಿಗೆ ಅದು ಜಡೆ ಹೆಣೆದ ಹಾಗೆ, ಕಣ್ಣು ಮುಚ್ಚಿ ಮಾಡುವ ಕೆಲಸ.

ಆಮೇಲೆ ರಜಾಕಾರರ ಗದ್ದಲ, ಅದರ ಹಿಂದೆಯೇ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್. ಮೊದಲು ಒಂದು ಓಣಿಯವರು ನಮ್ಮ ಕಂಪೌಂಡಿಗೆ ಬಂದು ಅಡಗಿದರು. ಕೆಲವು ದಿನದ ಮೇಲೆ ಇನ್ನೊಂದು ಓಣಿಯವರು ಬಂದು ಅಡಗಿದರು. ಅವ್ವ ಎರಡೂ ಸಲ ಅದೇ ಹಂಡೆಯಲ್ಲಿ ಅನ್ನ ಬೇಯಿಸಿದಳು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ. ಸಾಲೆ ಮತ್ತೆ ತೆರೆದಾಗ ಗೋಡೆಯ ಮೇಲಿನ ನಿಜಾಮರ ಪಟ ಇರಲಿಲ್ಲ, ಪಟ ಇದ್ದ ಜಾಗದಲ್ಲಿ ಸುಣ್ಣ ಮಾತ್ರ ಹೊಸದಾಗಿ ಕಾಣುತ್ತಿತ್ತು. ಆ ಹಾಡು ಕೂಡ ಇರಲಿಲ್ಲ. ಹಾಡಬೇಡಿ ಎಂದು ನನಗೆ ಯಾರೂ ಹೇಳಿದ ನೆನಪಿಲ್ಲ. ಎಲ್ಲರೂ ಒಂದೇ ಬೆಳಿಗ್ಗೆ ಅದನ್ನು ಮರೆತವರ ಹಾಗೆ ನಡೆದುಕೊಂಡರು, ನಾನೂ.

ಮುಂದೆ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಿದೆ. ಅರ್ಜಿಯಲ್ಲಿ ವಿಷಯ ಎಂಬಲ್ಲಿ ಸಂಗೀತ ಎಂದು ಬರೆದಾಗ ಗುಮಾಸ್ತ ಕನ್ನಡಕ ಮೇಲೇರಿಸಿ ನೋಡಿದ. ಹಾಡುವುದಕ್ಕೂ ಸರಕಾರದ ಮೊಹರು ಬೇಕಾಯಿತೇ ಎಂದು ಪಕ್ಕದವನಿಗೆ ಹೇಳಿ ನಕ್ಕ. ಹಾಸ್ಟೆಲಿನಲ್ಲಿ ತೆಲುಗಿನವರು ತೆಲುಗಿನವರ ಜೊತೆ ಉಂಡರು, ಮರಾಠಿಯವರು ಮರಾಠಿಯವರ ಜೊತೆ. ಕನ್ನಡದವಳು ಆ ಸಾಲಿನಲ್ಲಿ ನಾನೊಬ್ಬಳೇ. ಸರಿಗಮವನ್ನು ಉರ್ದು ಅಕ್ಷರದಲ್ಲಿ ಬಲದಿಂದ ಎಡಕ್ಕೆ ಬರೆದುಕೊಳ್ಳುತ್ತಿದ್ದೆ, ಏಕೆಂದರೆ ನನಗೆ ಬೇಗ ಬರೆಯಲು ಬರುತ್ತಿದ್ದುದು ಅದೊಂದೇ. ವರ್ಷದ ನಡುವೆ, ಇನ್ನು ಅವರವರ ಭಾಷೆಯಲ್ಲಿ ಬರೆಯಿರಿ ಎಂದರು. ಒಂದು ಇಡೀ ರಜೆ ಕೂತು ನೋಟುಬುಕ್ಕನ್ನು ಕನ್ನಡಕ್ಕೆ ಇಳಿಸಿದೆ. ಅದು ಬೇರೆ ಯಾರದೋ ನೋಟುಬುಕ್ಕಿನ ಹಾಗೆ ಕಂಡಿತು.

ಕೊನೆಯ ಭಾಗ ಪಾಠ ಮಾಡಿ ತೋರಿಸುವುದು. ನಿಮ್ಮ ಜಿಲ್ಲೆಗೇ ಹೋಗಿ ಎಂದು ಕಳಿಸಿದರು: ಮೊದಲು ಭಾಲ್ಕಿ, ಆಮೇಲೆ ಆರು ವಾರ ಔರಾದ. ಎರಡೂ ಕಡೆ ಒಬ್ಬರೇ ಪರೀಕ್ಷಕರು. ಎರಡರಲ್ಲಿ ಒಂದಾದರೂ ಪಾಸಾಗಲೇಬೇಕು. ಪಾಸಾದರೆ ಬೀದರಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಸಂಗೀತ ಶಿಕ್ಷಕಿಯ ಜಾಗ ನನಗೆ ಎಂದು ಆಗಲೇ ಮಾತಾಗಿತ್ತು. ಇಲ್ಲದಿದ್ದರೆ ಸೋದರತ್ತೆ ಹುಡುಕಿಟ್ಟಿದ್ದ ಗಂಡು, ಚರ್ಚಿನ ಪೇಟಿ, ಅಲ್ಲಿಗೆ ಮುಗಿಯಿತು.

ಭಾಲ್ಕಿಯಲ್ಲಿ ಕೆಟ್ಟಿತು. ಮುಚ್ಚುಮರೆ ಏಕೆ? ಅಲ್ಲಿನ ಸಾಲೆಯ ಪೇಟಿ ಬೀರುವಿನಲ್ಲಿ ಬೀಗದೊಳಗೆ ಇತ್ತು. ಬೀಗದ ಕೈ ಇದ್ದ ಮಾಸ್ತರರು ಮದುವೆಗೆಂದು ಖಟಕ ಚಿಂಚೋಳಿಗೆ ಹೋದವರು ನನ್ನ ಪಾಠ ಮುಗಿದ ಮೇಲೆ ಬಂದರು. ಮೇಜು ಕುಟ್ಟಿಕೊಂಡು ಹಾಡಿದೆ. ಚೆನ್ನಾಗಿಯೇ ಹಾಡಿದೆ. ಮಕ್ಕಳು ಬಾಯಿ ತೆರೆದು ನನ್ನನ್ನು ನೋಡಿದರೇ ಹೊರತು ಹಾಡಲು ತೆರೆಯಲಿಲ್ಲ. ಪರೀಕ್ಷಕರು ಹೊರಗೆ ಬಂದು ಅಂಕ ಬರೆಯುವ ತಮ್ಮ ಪುಸ್ತಕ ನನ್ನ ಮುಂದೆ ಹಿಡಿದರು. ನಮ್ಮ ಕಡೆ ಶಿಕ್ಷಕಿಯನ್ನು ಬಾಯಿ ಎಂದು ಕರೆಯುತ್ತಾರೆ.

"ನೋಡ್ರಿ ಬಾಯಿ, ನೀವು ಹಾಡ್ತೀರಿ, ಮಕ್ಕಳು ಕೇಳ್ತಾವ. ಇದಕ್ಕ ಕಚೇರಿ ಅಂತಾರ, ಪಾಠ ಅನ್ನಂಗಿಲ್ಲ. ಔರಾದದಾಗ ವರ್ಗ ಹಾಡಬೇಕು. ವರ್ಗ ಹಾಡಲಿಲ್ಲಂದ್ರ ನಾ ಏನೂ ಮಾಡೂಕ ಆಗಂಗಿಲ್ಲ."

ಬೀದರಿಗೆ ಮರಳಿ, ನಮ್ಮ ಚರ್ಚಿನ ಹಿರಿಯರನ್ನು ಬೇಡಿ ಅಲ್ಲಿಯ ಪೇಟಿಯನ್ನೇ ಇಸಿದುಕೊಂಡೆ. ಅವ್ವನ ಕೌದಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಕಟ್ಟಿಸಿದೆ. ಮಾಂಜ್ರಾ ಹೊಳೆ ದಾಟಿ ಔರಾದ ಮುಟ್ಟುವವರೆಗೆ ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ತಲೆಯ ಮೇಲೆ ಅದು ಸಣ್ಣಗೆ ನರಳುವುದು ನನಗೆ ಕೇಳುತ್ತಿತ್ತು.

ಔರಾದದಲ್ಲಿ ಕುರಿ ಸಾಕುವ ಮನೆಯೊಂದರ ಹಿಂಬದಿಯ ಖೋಲಿ ನನಗೆ ಸಿಕ್ಕಿತು. ಮನೆಯ ಯಜಮಾನತಿ ವಯಸ್ಸಾದವರು. ಊರೆಲ್ಲ ಅವರನ್ನು ಆಯಿ ಅನ್ನುತ್ತಿತ್ತು, ನಾನೂ ಆಯಿ ಅಂದೆ. ನೀರು ಕೊಡುವಾಗ ತಂಬಿಗೆ ನನ್ನ ಕೈಗೆ ಕೊಡದೆ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ನಮ್ಮ ಜಾತಿ ಯಾವುದು, ಯಾವಾಗಿನಿಂದ ಚರ್ಚಿಗೆ ಹೋಗುತ್ತೇವೆ ಎಂದು ಮೊದಲ ದಿನವೇ ಕೇಳಿಕೊಂಡಿದ್ದರು. ಕೆಟ್ಟವರಲ್ಲ. ಹಾಗೆ ಬೆಳೆದವರು. ನನ್ನ ಕೆಲಸ ಮಾತ್ರ ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

"ಹಾಡು ಕಲಸಾಕ ಸರ್ಕಾರ ಪಗಾರ ಕೊಡ್ತದಂತೇನ್ ಬಾಯಿ? ನಮ್ಮ ಕುರಿ ದಿನಾ ಪುಕಟ ಹಾಡ್ತಾವಲ್ಲ, ಅವಕ್ಕೂ ಒಂದು ಅರ್ಜಿ ಬರದು ಕೊಡು."

ನಾನು ನಕ್ಕೆ. ಆ ಆರು ವಾರದಲ್ಲಿ ನಕ್ಕಿದ್ದು ಅಷ್ಟೇ ಇರಬೇಕು.

ನನಗೆ ಕೊಟ್ಟ ವರ್ಗ ನಾಲ್ಕನೆಯದು. ಒಂದು ಕಡೆ ಕನ್ನಡ ಪುಸ್ತಕದ ಮಕ್ಕಳ ಸಾಲು, ಇನ್ನೊಂದು ಕಡೆ ಮರಾಠಿ ಪುಸ್ತಕದ ಸಾಲು, ಕಿಟಕಿಯ ಬಳಿ ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವ ಕೆಲವರು. ಎರಡು ಮೂರು ವರ್ಷದ ಹಿಂದೆ ಇವರೆಲ್ಲ ಒಂದೇ ಉರ್ದು ಪುಸ್ತಕ ಓದುತ್ತಿದ್ದರು. ಕನ್ನಡ ಹಾಡು ಶುರು ಮಾಡಿದರೆ ಮರಾಠಿ ಸಾಲು ಕಿಟಕಿ ನೋಡುತ್ತಿತ್ತು. ಮರಾಠಿ ಹಾಡಿದರೆ ಕನ್ನಡದ ಸಾಲು ಕಾಲ್ಬೆರಳು ಎಣಿಸುತ್ತಿತ್ತು. ಕಿಟಕಿ ಬಳಿಯವರು ಎರಡಕ್ಕೂ ತಲೆ ತಗ್ಗಿಸಿ ಕೂತಿರುತ್ತಿದ್ದರು. ಕೊನೆಗೆ ನಾನೇ ನಾಲ್ಕು ಸಾಲು ಕಟ್ಟಿದೆ, ಎಲ್ಲರ ಮನೆಯಲ್ಲೂ ತಿನ್ನುವ ಜೋಳದ ರೊಟ್ಟಿಯ ಮೇಲೆ. ಎರಡು ಸಾಲು ಕನ್ನಡ, ಎರಡು ಸಾಲು ಮರಾಠಿ. ಅದನ್ನು ಮಾತಿನಲ್ಲಿ ಒಪ್ಪಿಸಿದರು. ರಾಗದಲ್ಲಿ ಹಾಡಿ ಎಂದರೆ ನಾಲ್ಕೈದು ಧ್ವನಿ, ಅದೂ ಸೊಳ್ಳೆಯ ಹಾಗೆ. ದಿನ ಹತ್ತಿರ ಬಂದಂತೆ ನನಗೆ ರೊಟ್ಟಿ ಸೇರದಾಯಿತು.

ಆ ವರ್ಗದ ಮಾಸ್ತರರ ಬಗ್ಗೆ ಹೇಳಬೇಕು. ವಯಸ್ಸಾದ ಉರ್ದು ಮಾಸ್ತರರು. ಎತ್ತರದ ಆಳು, ಮೊಳಕೈ ಸವೆದ ಶೇರ್ವಾನಿ. ಹಿಂದೆ ಸಾಲೆಯ ಬೆಳಗಿನ ಹಾಡನ್ನು ಮುಂದೆ ನಿಂತು ಹೇಳಿಸುತ್ತಿದ್ದವರು ಅವರೇ ಎಂದು ಆಯಿ ಹೇಳಿದ್ದರು. ಈಗ ಅವರಿಗೆ ಲೆಕ್ಕದ ಪಾಠ ಮತ್ತು ಹಾಜರಿ ಕೊಟ್ಟಿದ್ದರು. ಮಧ್ಯಾಹ್ನ ಬೇರೆ ಮಾಸ್ತರರು ಬೇವಿನ ಗಿಡದ ಕೆಳಗೆ ಗುಂಪಾಗಿ ಉಣ್ಣುತ್ತಿದ್ದರು. ವರಾಂಡದ ಒಂದು ತುದಿಯಲ್ಲಿ ಅವರು ಒಬ್ಬರೇ ಉಣ್ಣುತ್ತಿದ್ದರು, ಇನ್ನೊಂದು ತುದಿಯಲ್ಲಿ ನಾನೊಬ್ಬಳೇ.

ಆ ಊರಿನಲ್ಲಿ ಉರ್ದು ಓದಿದವರು ಇನ್ನೂ ಇದ್ದರು, ಆದರೆ ನನ್ನ ಹಾಗೆ ಸಂಗೀತದ ಸ್ವರವನ್ನು ಉರ್ದುವಿನಲ್ಲಿ ಬರೆದರೆ ಓದಬಲ್ಲವರು ಅವರೊಬ್ಬರೇ ಇದ್ದರೇನೋ. ಬಾಯಿ ತುಂಬ ಮಾತಾಡಬಹುದಿತ್ತು. ಆರು ವಾರದಲ್ಲಿ ಒಂದು ಮಾತೂ ಆಡಲಿಲ್ಲ. ಹೆಡ್ ಮಾಸ್ತರರು ಏನೆಂದುಕೊಂಡಾರು, ಪರೀಕ್ಷಕರ ಕಿವಿಗೆ ಹೋದರೆ ಏನಾದೀತು ಎಂದು ಅಂಜಿದೆ. ಅದನ್ನು ಆಗ ಎಚ್ಚರ ಎಂದುಕೊಂಡಿದ್ದೆ. ಹೇಡಿತನ. ಅವರೂ ನನ್ನ ಕಡೆ ನೋಡುತ್ತಿರಲಿಲ್ಲ. ಕೈ ತೊಳೆಯಲು ನಾನು ಎದ್ದರೆ ಅವರು ಮುಖ ಗೋಡೆಗೆ ತಿರುಗಿಸಿ ದಾರಿ ಬಿಡುತ್ತಿದ್ದರು. ಅಷ್ಟೇ ನಮ್ಮ ಪರಿಚಯ.

ಪಾಠದ ದಿನ ಬಂತು. ಪರೀಕ್ಷಕರು ಬೆಳಗಿನ ಬಸ್ಸಿಗೆ ಇಳಿದರು. ಹಳೆಯ ಸರಕಾರದಲ್ಲೂ ಇದೇ ಇಲಾಖೆಯಲ್ಲಿದ್ದವರು. ನಾನು ಚಿಕ್ಕವಳಿದ್ದಾಗ ನಮ್ಮ ಸಾಲೆಗೆ ನಿಜಾಮರ ಅಧಿಕಾರಿಗಳು ಹಾಕುವ ಕೆಂಪು ರೂಮಿ ಟೋಪಿಯಲ್ಲಿ ಬರುತ್ತಿದ್ದರು. ಈಗ ಬಿಳಿ ಗಾಂಧಿ ಟೋಪಿ. ಹೆಡ್ ಮಾಸ್ತರರು ಅವರಿಗೆ ಕುರ್ಚಿ ಹಾಕಿಸಿ ಪಕ್ಕದಲ್ಲಿ ತಾವೂ ಕೂತರು. ವರ್ಗದ ಮಾಸ್ತರರು ಹಿಂದೆ, ಬಾಗಿಲ ಬಳಿ, ಒಂದು ಸ್ಟೂಲಿನ ಮೇಲೆ. ಮಕ್ಕಳು ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದರು. ವರ್ಗದಲ್ಲೆಲ್ಲ ಅದೇ ವಾಸನೆ.

ನಾನು ಜಮಖಾನೆಯ ಮೇಲೆ ಪೇಟಿಯ ಮುಂದೆ ಕೂತೆ. ಪಾಠದ ಕ್ರಮ ಬರೆದ ಕಾಗದ ಮುಂದಿತ್ತು. ಮೊದಲು ಷಡ್ಜ, ಆಮೇಲೆ ಆರೋಹಣ, ಆಮೇಲೆ ಹಾಡು. ಕಾಗದ ನೋಡಿದೆ, ಅಕ್ಷರ ಕಾಣಲಿಲ್ಲ. ಎಡಗೈ ಗಾಳಿ ತುಂಬಿತು. ಬಲಗೈ ತನ್ನ ಪಾಡಿಗೆ ಸ್ವರದ ಮನೆಗಳ ಮೇಲೆ ಕೂತು ಬಾರಿಸತೊಡಗಿತು.

ಯಾವುದು ಅಂತ ನಿಮಗೆ ಗೊತ್ತಾಗಿದೆ. ನನಗೆ ಮಾತ್ರ ಗೊತ್ತಾಗಿರಲಿಲ್ಲ. ಹೆದರಿದ ಕೈ ತನಗೆ ಚೆನ್ನಾಗಿ ಬರುವುದನ್ನು ಮಾಡುತ್ತದೆ, ಅಷ್ಟೇ.

ತಲೆ ಎತ್ತಿದಾಗ ಮಕ್ಕಳು ನಿಂತಿದ್ದರು. ಕನ್ನಡದ ಸಾಲು, ಮರಾಠಿಯ ಸಾಲು, ಕಿಟಕಿ ಬಳಿಯವರು, ಎಲ್ಲರೂ ಕೈ ನೆಟ್ಟಗೆ ಇಳಿಬಿಟ್ಟು ನಿಂತಿದ್ದರು. ಮತ್ತು ಹಾಡುತ್ತಿದ್ದರು. ಆರು ವಾರ ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿದ ಗಂಟಲುಗಳು ಒಂದೇ ಶ್ರುತಿಯಲ್ಲಿ, ತುಂಬಿದ ಧ್ವನಿಯಲ್ಲಿ, ಒಂದು ಅಕ್ಷರ ತಪ್ಪದೆ ದೊರೆಗೆ ಆಯುಷ್ಯ ಬೇಡುತ್ತಿದ್ದವು. ಹೆಡ್ ಮಾಸ್ತರರು ಎದ್ದಿದ್ದರು. ಪರೀಕ್ಷಕರು ಎದ್ದಿದ್ದರು, ಪುಸ್ತಕ ಎದೆಗೊತ್ತಿಕೊಂಡು, ಗದ್ದ ಮೇಲೆತ್ತಿ, ನಮ್ಮ ಸಾಲೆಯಲ್ಲಿ ಹಿಂದೆ ನಿಲ್ಲುತ್ತಿದ್ದ ಹಾಗೆಯೇ.

ಬಾಗಿಲ ಬಳಿ ಉರ್ದು ಮಾಸ್ತರರು ಮಾತ್ರ ಕೂತಿದ್ದರು. ಎರಡೂ ಕೈಯಿಂದ ತಮ್ಮ ಮೊಳಕಾಲು ಒತ್ತಿ ಹಿಡಿದಿದ್ದರು. ಕಣ್ಣು ನೆಲದಲ್ಲಿತ್ತು. ತುಟಿ ಬಿಗಿದಿತ್ತು.

ಅವರನ್ನು ನೋಡಿಯೇ ನನಗೆ ಎಚ್ಚರವಾಯಿತು. ಕೈ ನಿಂತಿತು. ಪೇಟಿಯಲ್ಲಿ ಉಳಿದ ಗಾಳಿ ಉಸಿರು ಬಿಟ್ಟಂತೆ ಹೋಯಿತು. ಮಕ್ಕಳು ಎರಡು ಶಬ್ದ ಮುಂದಕ್ಕೆ ಹೋಗಿ ನಿಂತರು. ಹೊರಗೆ ಯಾರದೋ ಎತ್ತಿನ ಕೊರಳ ಗೆಜ್ಜೆ ಕೇಳುತ್ತಿತ್ತು. ಹೆಡ್ ಮಾಸ್ತರರು ಪರೀಕ್ಷಕರನ್ನು ನೋಡಿದರು. ಪರೀಕ್ಷಕರು ತಾವು ನಿಂತಿರುವುದನ್ನು ಆಗಷ್ಟೇ ಕಂಡುಕೊಂಡವರ ಹಾಗೆ ಕೆಳಗೆ ತಮ್ಮ ಕಾಲು ನೋಡಿದರು. ಟೋಪಿ ಸರಿಮಾಡಿಕೊಂಡರು. ಮೆಲ್ಲಗೆ ಕೂತರು. ಅವರು ಕೂತ ಮೇಲೆ ಹೆಡ್ ಮಾಸ್ತರರೂ ಕೂತರು.

"ಮುಂದ ನಡಸ್ರಿ ಬಾಯಿ," ಎಂದರು ಪರೀಕ್ಷಕರು.

ಮುಂದೆ ಏನು ನಡೆಸುವುದು? ಎದ್ದು ಓಡಿಹೋಗಬೇಕು ಅನ್ನಿಸಿತು. ಆದರೆ ಬಸ್ಸು ಮಧ್ಯಾಹ್ನಕ್ಕೇ ಇತ್ತು. ಮಕ್ಕಳು ಇನ್ನೂ ನಿಂತೇ ಇದ್ದರು, ಬಾಯಿ ಅರೆ ತೆರೆದೇ ಇತ್ತು. ಕೂಡ್ರಿ ಎಂದರೆ ಆ ಬಾಯಿಗಳು ಮತ್ತೆ ಮುಚ್ಚುತ್ತವೆ ಎಂದು ಅದು ಹೇಗೋ ಹೊಳೆಯಿತು. ಷಡ್ಜ ಒತ್ತಿ ಹಿಡಿದೆ. ನಿಂತೇ ಇರಿ, ಈ ಸ್ವರದಲ್ಲಿ 'ಆ' ಅನ್ನಿ ಎಂದೆ. ಅಂದರು, ಇಡೀ ವರ್ಗ. ಒಂದೊಂದೇ ಸ್ವರ ಮೇಲೆ ಹತ್ತಿಸಿದೆ, ಇಳಿಸಿದೆ. ಆಮೇಲೆ ರೊಟ್ಟಿಯ ಹಾಡು ಹಿಡಿದೆ. ಮರಾಠಿ ಸಾಲಿನವರು ಕನ್ನಡದ ಶಬ್ದ ತಪ್ಪಿದರು, ಕನ್ನಡದವರು ಮರಾಠಿಯಲ್ಲಿ ಎಡವಿದರು, ಒಬ್ಬಳು ನಡುವೆ ನಕ್ಕಳು. ಹಾಡಿದರು ಮಾತ್ರ ಎಲ್ಲರೂ. ನನ್ನ ಧ್ವನಿ ನನಗೇ ಕೇಳಿಸದಷ್ಟು ಹಾಡಿದರು.

ಮುಗಿದ ಮೇಲೆ ಪರೀಕ್ಷಕರು ವರಾಂಡದಲ್ಲಿ ಚಪ್ಪಲಿ ಮೆಟ್ಟುತ್ತ, ನನ್ನ ಕಡೆ ನೋಡದೆ ಮಾತಾಡಿದರು.

"ವರ್ಗ ಕೂಡಿ ಹಾಡ್ತು ಅಂತ ಬರದೀನಿ. ಮೊದಲ ಏನ್ ಬಾರಿಸಿದ್ರಿ ಅದು ಬರದಿಲ್ಲ. ನೀವೂ ಎಲ್ಲೂ ಹೇಳಬ್ಯಾಡ್ರಿ. ಅದು ಬರೀಬೇಕಂದ್ರ ಯಾರ್ಯಾರು ಎದ್ದು ನಿಂತ್ರು ಅದೂ ಬರೀಬೇಕಾಗ್ತದ."

ಹೀಗೆ ನಾನು ಪಾಸಾದೆ. ಸಂಗೀತ ಶಿಕ್ಷಕಿಯಾದೆ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದಕ್ಕೂ ಅದೇ ಕಾರಣ. ಉರ್ದು ಮಾಸ್ತರರೊಬ್ಬರನ್ನು ಬಿಟ್ಟರೆ, ಆ ದಿನದ್ದನ್ನು ಹೇಳಬಲ್ಲವರೆಲ್ಲ ಎದ್ದವರೇ.

ಮಧ್ಯಾಹ್ನ ಎಂದಿನಂತೆ ಬುತ್ತಿ ಬಿಚ್ಚಿದೆ. ಆ ತುದಿಯಲ್ಲಿ ಮಾಸ್ತರರು ತಮ್ಮ ಬುತ್ತಿ ಬಿಚ್ಚಿರಲಿಲ್ಲ, ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಪಾಸಾದ ಧೈರ್ಯ ಇತ್ತು ನೋಡಿ, ಎದ್ದು ಅಲ್ಲಿಗೆ ಹೋದೆ. ನಿನ್ನೆಯವರೆಗೆ ಈ ಧೈರ್ಯ ಎಲ್ಲಿತ್ತು ಎಂದು ಕೇಳಬೇಡಿ. ಉರ್ದುವಿನಲ್ಲಿ, ತಪ್ಪಾಯಿತು, ಬೇಕೆಂದು ಮಾಡಲಿಲ್ಲ ಎಂದೆ. ಹಳೆಯ ಹಾಡು ಬಾರಿಸಲು ಅವರೇ ನನಗೆ ಹೇಳಿಕೊಟ್ಟರು ಎಂದು ಯಾರಾದರೂ ಅಂದಿದ್ದರೆ ಅವರ ಗತಿ ಏನಾಗುತ್ತಿತ್ತು ಎಂಬುದು ವರಾಂಡ ದಾಟುವ ಆ ಹತ್ತು ಹೆಜ್ಜೆಯಲ್ಲಿ ನನಗೆ ತಿಳಿದಿತ್ತು. ಅವರು ನನ್ನ ಉರ್ದುವಿಗೆ ಉರ್ದುವಿನಲ್ಲಿ ಉತ್ತರ ಕೊಡಲಿಲ್ಲ. ಬೇವಿನ ಗಿಡದ ಕಡೆ ಒಮ್ಮೆ ನೋಡಿ, ಅಲ್ಲಿಗೂ ಕೇಳುವಂಥ ಕನ್ನಡದಲ್ಲಿ ಹೇಳಿದರು.

"ತಪ್ಪೇನದ ಬೇಟಿ. ಎಲ್ಲಾರೂ ಎದ್ರು, ಮತ್ತ ಕೂತ್ರು. ಮುಗೀತು." ಆಮೇಲೆ ಧ್ವನಿ ಇಳಿಸಿದರು. "ನಾ ಒಮ್ಮಿ ಎದ್ದಿದ್ರ, ನನಗ ಮತ್ತ ಯಾರೂ ಕೂಡೂಕ ಬಿಡ್ತಿದ್ದಿಲ್ಲ."

ಅವರೇ ಮತ್ತೆ ಅಂದರು:

"ಮಕ್ಕಳು ಛಲೋ ಹಾಡಿದ್ರು. ಈಗ ನಿಮ್ಮ ಜಾಗಾಕ ಹೋಗ್ರಿ. ಈಗ ಪಾಸ್ ಆಗೀರಿ, ಇಲ್ಲಿ ನಿಂತು ಯಾಕ ಹಾಳ ಮಾಡ್ಕೋತೀರಿ?"

ನಾನು ಹೋದೆ. ಅದನ್ನೇ ಹೇಳಲು ಇಷ್ಟು ಬರೆದೆ. ಹಳೆಯ ಹಾಡು ಬಾರಿಸಿದ್ದಕ್ಕೆ ನನಗೆ ಅಷ್ಟು ನಾಚಿಕೆ ಇಲ್ಲ, ಅದು ಕೈಯ ತಪ್ಪು. ಹೋಗ್ರಿ ಎಂದಾಗ ಹೋದದ್ದು ಕೈಯೂ ಅಲ್ಲ, ಕಾಲೂ ಅಲ್ಲ, ಪೂರ್ತಿ ನಾನೇ. ನನ್ನ ತುದಿಗೆ ಬಂದು ಕೂತು, ರೊಟ್ಟಿ ಮುರಿದು, ತಿಂದೆ.

ಮರುದಿನ ಪೇಟಿಯನ್ನು ಕೌದಿಯಲ್ಲಿ ಸುತ್ತಿ ಬೀದರಿಗೆ ಬಂದೆ. ಆಯಿ ಬಸ್ಸಿನವರೆಗೆ ಬಂದು ಒಂದು ಗಂಟು ಶೇಂಗಾ ಕೊಟ್ಟರು, ಆವತ್ತು ಕೈಯಿಂದ ಕೈಗೇ ಕೊಟ್ಟರು. ಮುಂದಿನ ವರ್ಷ ಔರಾದದಿಂದ ಬಂದವರನ್ನು ಮಾಸ್ತರರ ಬಗ್ಗೆ ಕೇಳಿದೆ. ನೌಕರಿ ಬಿಟ್ಟು ಮಗಳ ಊರಿಗೆ ಹೋದರು ಎಂದರು. ಯಾವ ಊರು ಎಂದು ಅವರಿಗೆ ಗೊತ್ತಿರಲಿಲ್ಲ.

ನಾನು ಬೀದರಿನ ಅದೇ ಹೆಣ್ಣುಮಕ್ಕಳ ಸಾಲೆಯಲ್ಲಿ, ಹಿಂದೆ ಬೆಳಿಗ್ಗೆ ಪೇಟಿ ಬಾರಿಸುತ್ತಿದ್ದ ಅದೇ ಜಾಗದಲ್ಲಿ ಕೂತು ಕಲಿಸುತ್ತ ಬಂದಿದ್ದೇನೆ. ಪಾಠ ಚೆನ್ನಾಗಿ ಮಾಡುತ್ತೇನೆ ಅನ್ನುತ್ತಾರೆ. ಇಡೀ ವರ್ಗ ಹಾಡುತ್ತದೆ. ಆದರೆ ಪೇಟಿಗೆ ಗಾಳಿ ತುಂಬುವ ಮೊದಲು ಪ್ರತಿ ಸಲ ಬಾಗಿಲ ಬಳಿ ನೋಡುತ್ತೇನೆ. ಅಲ್ಲಿ ಯಾರೂ ಇರುವುದಿಲ್ಲ. ನೋಡದೆ ಶುರು ಮಾಡಲು ಮಾತ್ರ ನನಗೆ ಇನ್ನೂ ಬಂದಿಲ್ಲ.

ಆ ಕಾಲದ ಸಾಲೆಯಲ್ಲಿ ಕೂತವರು ನಿಮ್ಮಲ್ಲಿ ಇದ್ದಾರೆ. ಕೆಲವರು ಔರಾದದವರೇ ಇರಬಹುದು, ಎಣ್ಣೆ ಹಚ್ಚಿಕೊಂಡು ಬಂದು ಆ ದಿನ ಹಾಡಿದವರೂ ಇರಬಹುದು. ನಿಮ್ಮ ಕೈಕಾಲು ನಿಮ್ಮನ್ನು ಕೇಳದೆ ಏನು ಮಾಡಿತು, ಎಲ್ಲಿ ಎದ್ದಿರಿ, ನಿಮ್ಮ ಪಕ್ಕದಲ್ಲಿ ಯಾರು ಕೂತಿದ್ದರು, ಈ ಪತ್ರಿಕೆಗೆ ಬರೆದು ತಿಳಿಸಿ. ಸಣ್ಣದು ಎಂದು ಬಿಡಬೇಡಿ. ಆ ಮಾಸ್ತರರು ಯಾವ ಊರಿಗೆ ಹೋದರೆಂದು ಬಲ್ಲವರಿದ್ದರೆ ಅದನ್ನು ಮೊದಲು ಬರೆಯಿರಿ.